ಗೆದ್ದಲು ಹಿಡಿದಿದೆಯಾ? ಗೋಡೆ ಬುಡದಿಂದ ಹುಡುಕಿ

ನಮ್ಮ ಮನೆಯ ಬಚ್ಚಲು ಬಾಗಿಲಿಗೆ ಹೊಸದಾಗಿ ಪೇಂಟ್ ಹೊಡೆಸಿದ್ದೆವು. ನೋಡಲು ಲಕಲಕ ಅನ್ನುತ್ತಿತ್ತು. ಒಂದು ದಿನ ಜಾರಿಬಿದ್ದ ಸೋಪು ಎತ್ತಿಕೊಳ್ಳಲು ಬಗ್ಗಿದವಳು ಬಾಗಿಲ ಚೌಕಟ್ಟಿಗೆ ಕೈ ಊರಿದೆ. ಹೆಬ್ಬೆರಳು ಹಪ್ಪಳ ಮುರಿದ ಹಾಗೆ ಒಳಗೆ ಹೋಯಿತು! ಪೇಂಟಿನ ಹಿಂದೆ ಮರವೇ ಇರಲಿಲ್ಲ. ಪದರ ಪದರ ಮಣ್ಣು, ಅದರ ನಡುವೆ ಅಕ್ಕಿನುಚ್ಚಿನ ಹಾಗೆ ಬೆಳ್ಳಗಿನ ಹುಳುಗಳ ಓಡಾಟ.

ಗಾಬರಿಯಲ್ಲಿ ಜಿರಳೆ ಸ್ಪ್ರೇ ತಂದು ಹೊಡೆದೆ. ಕಂಡ ಹುಳುಗಳೆಲ್ಲ ಸತ್ತವು. ಮೂರೇ ತಿಂಗಳಿಗೆ ಪಕ್ಕದ ರೂಮಿನ ವಾರ್ಡ್‌ರೋಬ್ ಹಿಂದೆ ಮಣ್ಣು ಕಾಣಿಸಿತು. ನಮ್ಮ ಕಡೆ ಮನೆಗಳಿಗೆ ಜಾಸ್ತಿ ಹತ್ತುವ ಗೆದ್ದಲಿನ ಗೂಡು ಇರುವುದು ನೆಲದೊಳಗೆ. ಬಾಗಿಲಲ್ಲಿ ಸಿಗುವುದು ಮೇವಿಗೆ ಬಂದ ಕೆಲಸಗಾರ ಹುಳುಗಳು ಮಾತ್ರ. ಹಾಗಾಗಿ ಔಷಧಿ ಆಮೇಲೆ. ಅವು ಬಂದ ದಾರಿ ಯಾವುದು ಅಂತ ಮೊದಲು ಹುಡುಕಬೇಕು.

ಹೊರಗೆ ಒಂದು ಸುತ್ತು

ಒಂದು ಒಳ್ಳೆ ಟಾರ್ಚ್, ಹಳೇ ಸ್ಕ್ರೂಡ್ರೈವರ್, ಸೀಮೆಸುಣ್ಣ, ಫೋಟೊ ತೆಗೆಯಲು ಮೊಬೈಲ್. ಇಷ್ಟು ಸಾಕು. ಮೊಣಕಾಲು ನೋವಿದ್ದರೆ ಒಂದು ಮಣೆಯೂ ಇರಲಿ, ಯಾಕೆಂದರೆ ಅರ್ಧ ಕೆಲಸ ಕೂತೇ ಮಾಡಬೇಕು.

ಗೋಡೆ ನೆಲಕ್ಕೆ ಸೇರುವ ಜಾಗವನ್ನೇ ನೋಡುತ್ತಾ ಮನೆ ಸುತ್ತಿ. ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಮೇಲಕ್ಕೆ ಹತ್ತಿದೆಯಾ? ಗೆದ್ದಲಿನ ಮೈ ಮೆತ್ತಗೆ, ಗಾಳಿ ಬಿಸಿಲಿಗೆ ಬೇಗ ಒಣಗಿ ಸಾಯುತ್ತದೆ. ಅದಕ್ಕೇ ಮಣ್ಣಿನ ಕೊಳವೆ ಕಟ್ಟಿಕೊಂಡು ಅದರೊಳಗೇ ಓಡಾಡುತ್ತದೆ. ಹೂಕುಂಡಗಳನ್ನು ಸರಿಸಿ ನೋಡಿ. ಗೋಡೆಗೆ ಒರಗಿಸಿಟ್ಟ ಸೌದೆ, ತೆಂಗಿನ ಗರಿ, ಪೈಪ್ ಒಳಗೆ ಹೋಗುವ ತೂತು, ಪಾಯ ಮುಚ್ಚುವಷ್ಟು ಏರಿಸಿದ ಕೈತೋಟದ ಮಣ್ಣು, ಇವೆಲ್ಲ ಅನುಮಾನದ ಜಾಗಗಳೇ.

ಕೊಳವೆ ಸಿಕ್ಕರೆ ಪೊರಕೆ ತರಬೇಡಿ. ಮೊದಲು ಫೋಟೊ ತೆಗೆಯಿರಿ. ನಡುವೆ ಒಂದಿಂಚು ಮಾತ್ರ ಒಡೆದು, ಪಕ್ಕದಲ್ಲಿ ಸೀಮೆಸುಣ್ಣದಿಂದ ತಾರೀಕು ಬರೆಯಿರಿ. ಎರಡು ಮೂರು ದಿನ ಬಿಟ್ಟು ನೋಡಿದಾಗ ಹಸಿ ಮಣ್ಣಿನಿಂದ ರಿಪೇರಿಯಾಗಿದ್ದರೆ ದಾರಿ ಚಾಲ್ತಿಯಲ್ಲಿದೆ. ಆಗಿಲ್ಲ ಅಂತ ಖುಷಿಪಡುವ ಹಾಗೂ ಇಲ್ಲ. ಬೇರೆ ದಾರಿ ಹಿಡಿದಿರಬಹುದು.

ಒಳಗೆ, ತೇವ ಇರುವ ಕಡೆಯಿಂದ

ಬಚ್ಚಲಿನ ಹಿಂದಿನ ಗೋಡೆ, ಸಿಂಕ್ ಕೆಳಗಿನ ಕಪಾಟು, ಸೋರುವ ನಲ್ಲಿಯ ಅಕ್ಕಪಕ್ಕ ಮೊದಲು. ಆಮೇಲೆ ಒಂದೊಂದೇ ಬಾಗಿಲ ಚೌಕಟ್ಟನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಬುಡದಿಂದ ಮೇಲಕ್ಕೆ ತಟ್ಟುತ್ತಾ ಬನ್ನಿ. ಗಟ್ಟಿ ಮರ ಟಕ್ ಟಕ್ ಅನ್ನುತ್ತದೆ. ಟೊಳ್ಳಾದ ಕಡೆ ಡಬ್ ಅನ್ನುತ್ತದೆ. ಒಮ್ಮೆ ಕೇಳಿದರೆ ಕಿವಿಗೆ ಗೊತ್ತಾಗುತ್ತದೆ. ಅಲ್ಲಿ ತುದಿಯಿಂದ ಮೆಲ್ಲಗೆ ಒತ್ತಿ.

ವಾರ್ಡ್‌ರೋಬಿನ ಕೆಳಗಿನ ಡ್ರಾಯರ್ ಪೂರ್ತಿ ಹೊರಗೆಳೆದು ಹಿಂದಿನ ಪ್ಲೈವುಡ್ ನೋಡಿ. ಪುಸ್ತಕದ ಕಪಾಟಿನಲ್ಲಿ ಯಾರೂ ಮುಟ್ಟದ ಕೆಳಗಿನ ಸಾಲನ್ನೇ ತೆಗೆಯಿರಿ. ಅಟ್ಟದ ರಟ್ಟಿನ ಡಬ್ಬಗಳು, ಸ್ವಿಚ್‌ಬೋರ್ಡ್ ಅಂಚು, ಹೆಂಚಿನ ಮನೆಯಾದರೆ ತೊಲೆ ಗೋಡೆಯೊಳಗೆ ಕೂತಿರುವ ತುದಿ ಬಿಡಬೇಡಿ. ಮೂರನೇ ಮಹಡಿ, ನಮಗೇನು ಭಯ ಅನ್ನುವವರಿಗೂ ಒಂದು ಮಾತು: ಪೈಪ್ ಹಾದುಬರುವ ಸಂದಿನಲ್ಲಿ ಗೆದ್ದಲೂ ಹತ್ತಿಬರುತ್ತದೆ.

ಎಲ್ಲ ಪುಡಿಯೂ ಗೆದ್ದಲಲ್ಲ

ಮರದಲ್ಲಿ ಸಣ್ಣ ದುಂಡು ತೂತು, ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಅದು ಮರ ಕೊರೆಯುವ ಹುಳು. ಗಸಗಸೆಯಂಥ ಗಟ್ಟಿ ಕಾಳು ಉದುರುತ್ತಿದ್ದರೆ ಒಣಮರದೊಳಗೇ ವಾಸ ಮಾಡುವ ಬೇರೆ ಜಾತಿಯ ಗೆದ್ದಲು. ಅದಕ್ಕೆ ಮಣ್ಣಿನ ಸಂಪರ್ಕವೇ ಬೇಕಿಲ್ಲ. ಔಷಧಿ ತುಂಬಲು ನೆಲ ಕೊರೆಸಿದರೆ ದುಡ್ಡು ದಂಡ.

ಮೊದಲ ಮಳೆಗೆ ಟ್ಯೂಬ್‌ಲೈಟ್ ಮುತ್ತುವ ಈಸಲು ಹುಳು ರೆಕ್ಕೆ ಬಂದ ಗೆದ್ದಲೇ. ಹೊರಗಿನಿಂದ ಬಂದಿದ್ದರೆ ಚಿಂತೆಯಿಲ್ಲ. ಕಿಟಕಿ ಮುಚ್ಚಿದ್ದರೂ ಒಳಗೆ ರೆಕ್ಕೆಗಳ ರಾಶಿ ಬಿದ್ದಿದ್ದರೆ ಸುಮ್ನೆ ಗುಡಿಸಿ ಹಾಕಬೇಡಿ, ಅಲ್ಲೇ ಹತ್ತಿರ ಹುಡುಕಿ. ರೆಕ್ಕೆಯಿರುವ ಇರುವೆಯ ಸೊಂಟ ಸಣ್ಣ, ಹಿಂದಿನ ರೆಕ್ಕೆ ಗಿಡ್ಡ. ಗೆದ್ದಲಿಗೆ ಸೊಂಟವೇ ಇಲ್ಲ, ನಾಲ್ಕೂ ರೆಕ್ಕೆ ಒಂದೇ ಅಳತೆ.

ಗೆದ್ದಲಿಗೆ ಔಷಧಿ ಹಾಕುವ ಕಂಪನಿಯವರನ್ನು ಕರೆಸುವಾಗ

ಅವರು ಬರುವ ಮುಂಚೆ ಮಣ್ಣು ಒರೆಸಬೇಡಿ, ಸೀಮೆಎಣ್ಣೆ ಸುರಿಯಬೇಡಿ. ಮಂಚ, ಬೀರು ಗೋಡೆಯಿಂದ ಒಂದಡಿ ಸರಿಸಿ. ಕೀಟನಾಶಕ ಕಾಯ್ದೆ, 1968ರ ಅಡಿ ಅವರಿಗೆ ಲೈಸೆನ್ಸ್ ಇರಬೇಕು; ಕೇಳಲು ಸಂಕೋಚ ಬೇಡ. ಫೋನಿನಲ್ಲೇ ಚದರಡಿ ಕೇಳಿ ರೇಟು ಹೇಳುವವರನ್ನು ನಾನಂತೂ ಕರೆಯುವುದಿಲ್ಲ. ಬಂದವರು ಬಗ್ಗುತ್ತಾರಾ, ಹೊರಗೆ ಸುತ್ತು ಹಾಕುತ್ತಾರಾ ನೋಡಿ. ಎಲ್ಲೆಲ್ಲಿ ಏನು ಸಿಕ್ಕಿತು ಅಂತ ಮನೆಯ ನಕ್ಷೆ ಮೇಲೆ ಬರೆಸಿಕೊಳ್ಳಿ. ತಪಾಸಣೆ ಫ್ರೀ ಅಂದರೆ ಬಂದವರು ವ್ಯಾಪಾರಕ್ಕೂ ಬಂದಿದ್ದಾರೆ ಅಂತಲೇ ಅರ್ಥ ಅಲ್ವಾ? ಇನ್ನೊಬ್ಬರನ್ನೂ ಕರೆಸಿ.

ಕಟ್ಟಿ ಮುಗಿದ ಮನೆಗೆ ಔಷಧಿ ಹಾಕುವುದಕ್ಕೆ ಐಎಸ್ 6313ರ ಮೂರನೇ ಭಾಗ ಅಂತ ಭಾರತೀಯ ಮಾನಕ ಇದೆ. ನೆಲ ಗೋಡೆ ಸೇರುವಲ್ಲಿ ಸುಮಾರು ಅಡಿಗೊಂದು ತೂತು ಕೊರೆದು ದ್ರಾವಣ ತುಂಬುವುದು ಇದರ ಮುಖ್ಯ ಕೆಲಸ. ನೀರಿನ ಪೈಪ್, ಕರೆಂಟ್ ವೈರ್ ಎಲ್ಲಿ ಹಾದಿದೆ, ಸಂಪು ಬಾವಿ ಎಷ್ಟು ಹತ್ತಿರ ಇದೆ ಅಂತ ಮೊದಲೇ ತೋರಿಸಿಬಿಡಿ. ವಾರಂಟಿ ಕಾಗದ ಪೂರ್ತಿ ಓದಿ. ಗೆದ್ದಲು ಮತ್ತೆ ಬಂದರೆ ಔಷಧಿ ಹಾಕಿಕೊಡುತ್ತೇವೆ ಅಂತಷ್ಟೇ ಬರೆದಿದ್ದರೆ, ಹಾಳಾದ ಬಾಗಿಲಿನ ಖರ್ಚು ನಿಮ್ಮದೇ.

ನಮ್ಮ ಮನೆಗೆ ಎರಡನೇ ಸಲ ಬಂದವರು ಒಳಗೆ ಕಾಲಿಡುವ ಮುಂಚೆ ಹಿತ್ತಲಿಗೆ ಹೋದರು. ಬಚ್ಚಲು ಗೋಡೆಯಾಚೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೆದಕಿದರು. ಮನೆ ಕಟ್ಟುವಾಗ ಮಣ್ಣಲ್ಲೇ ಉಳಿದಿದ್ದ ಸೆಂಟ್ರಿಂಗ್ ಹಲಗೆಯೊಂದು ಬಂತು. ಕೈಗೆತ್ತಿಕೊಂಡರೆ ಅದೂ ಹಪ್ಪಳವೇ.