ದೊಡ್ಡ ಚಕ್ರ ಹಾಕಿಸುವ ಮೊದಲು ತಕ್ಕಡಿಗೆ ಇಟ್ಟೆ

ಕೆಲಸದ ಮೇಲೆ ಕಲಬುರಗಿ–ಸೇಡಂ ರಸ್ತೆಯಲ್ಲಿ ಸದಾ ಓಡಾಡುವವನು ನಾನು. ಅಲ್ಲಿ ಸಿಮೆಂಟ್ ಲಾರಿಗಳ ಸಾಲು ತಪ್ಪುವುದಿಲ್ಲ. ಎದುರಿನ ದಾರಿ ಖಾಲಿ ಸಿಕ್ಕಾಗ ಕಾರು 40ರಿಂದ 80ಕ್ಕೆ ಎಷ್ಟು ಬೇಗ ಏರುತ್ತದೆ ಎಂಬುದೇ ನನಗೆ ಮುಖ್ಯ. ಹಾಗಾಗಿ 16 ಇಂಚಿನ ಅಲಾಯ್ ಚಕ್ರದ ಆಸೆ ಹುಟ್ಟಿದಾಗ ಅಂದಕ್ಕಿಂತ ಮೊದಲು ಅಳತೆ ನೋಡಲು ಕುಳಿತೆ.

ಕಂಪನಿ ಕೊಟ್ಟದ್ದು 165/80 ಆರ್14. ಅಗಲ 165 ಮಿ.ಮೀ., ಟೈರಿನ ಪಕ್ಕದ ಎತ್ತರ ಅದರ ಶೇ 80, ರಿಮ್ 14 ಇಂಚು. ಒಟ್ಟು ವ್ಯಾಸ ಸುಮಾರು 620 ಮಿ.ಮೀ. 195/55 ಆರ್16 ಹಾಕಿದರೂ ವ್ಯಾಸ 621 ಮಾತ್ರ. 195/60 ಆದರೆ 640ಕ್ಕೆ ಏರುತ್ತದೆ. ರಿಮ್ ದೊಡ್ಡದಾದ ಮಾತ್ರಕ್ಕೆ ಚಕ್ರ ದೊಡ್ಡದಾಗುವುದಿಲ್ಲ. ಬಹಳ ಮಂದಿ ಎಡವುವುದು ಇಲ್ಲಿಯೇ.

ವ್ಯಾಸ ಶೇ 3ರಷ್ಟು ಹೆಚ್ಚಿದರೆ ನೆಲವನ್ನು ತಳ್ಳುವ ಬಲ ಅಷ್ಟೇ ತಗ್ಗುತ್ತದೆ, ಅದೇ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳಲ್ಲಿ) ವೇಗ ಅಷ್ಟೇ ಹೆಚ್ಚುತ್ತದೆ. ಬಲ ಮತ್ತು ವೇಗದ ಗುಣಲಬ್ಧವೇ ಶಕ್ತಿ, ಆದ್ದರಿಂದ ಎಂಜಿನ್ ಕೊಡುವ ಶಕ್ತಿ ಇದ್ದಷ್ಟೇ ಇರುತ್ತದೆ. ಆದರೂ ಕಾರಿನ ಶಕ್ತಿ ಅಳೆಯುವ ಡೈನೊ ಯಂತ್ರದ ಉರುಳೆಯ ಮೇಲೆ ದೊಡ್ಡ ಚಕ್ರದ ಕಾರು ಕಡಿಮೆ ಅಂಕಿ ತೋರಿಸುವುದುಂಟು. ಅದಕ್ಕೆ ಮುಖ್ಯ ಕಾರಣ ತೂಕ. ವೇಗ ಏರಿಸುತ್ತಾ ಅಳೆಯುವಾಗ ಭಾರದ ಚಕ್ರವನ್ನು ತಿರುಗಿಸಲಿಕ್ಕೇ ಒಂದಿಷ್ಟು ಶಕ್ತಿ ಹೋಗುತ್ತದೆ. ಆ ಭಾರ ಅಂಚಿನ ಕಡೆ ಸರಿದಷ್ಟೂ ಹೆಚ್ಚು ತಿನ್ನುತ್ತದೆ.

ಗೆಳೆಯರೊಬ್ಬರ 195/55ರ ಸೆಟ್ ಎರವಲು ತಂದು, ತೊಗರಿ ಚೀಲ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಚಕ್ರಗಳನ್ನು ಒಂದೊಂದಾಗಿ ಇಟ್ಟೆ. ಟೈರ್ ಸಮೇತ ಪ್ರತಿಯೊಂದೂ ನನ್ನ ಹಳೆಯ ಚಕ್ರಕ್ಕಿಂತ 3 ಕಿಲೋ ಹೆಚ್ಚು ತೂಗಿತು. ಅಂಗಡಿಯವರು "ಅಲಾಯ್ ಅಂದರೆ ಹಗುರ ಅಲ್ಲವೇನ್ರೀ?" ಎಂದು ಮತ್ತೊಮ್ಮೆ ಇಡಿಸಿದರು. ಅಗಲವಾದ ಟೈರು, ದೊಡ್ಡ ರಿಮ್ ಎರಡೂ ಕೂಡಿದಾಗ ಅಲಾಯ್ ಎಂಬ ಹೆಸರು ತೂಕ ಇಳಿಸುವುದಿಲ್ಲ.

ನಸುಕಿನಲ್ಲಿ, ಬಿಸಿಲು ಏರಿ ಟೈರು ಕಾಯುವ ಮೊದಲು, ಗಾಳಿ ಸರಿಮಾಡಿಕೊಂಡು ಊರಾಚೆಯ ಖಾಲಿ ನೇರ ರಸ್ತೆಗೆ ಹೋದೆ. ಮೂರನೇ ಗೇರ್, 40ರಿಂದ 80. ಪಕ್ಕದಲ್ಲಿ ಕುಳಿತ ತಮ್ಮ ಮೊಬೈಲಿನ ಜಿಪಿಎಸ್ ವೇಗ ನೋಡಿ ಸಮಯ ಬರೆದುಕೊಂಡ. ಕಾರಿನ ಮೀಟರನ್ನು ನಂಬಲಿಲ್ಲ. ಚಕ್ರದ ಸುತ್ತು ಎಣಿಸುವ ಅದು ವ್ಯಾಸ ಬದಲಾದರೆ ತಪ್ಪು ಹೇಳುತ್ತದೆ. 640ರ ಚಕ್ರ ಹಾಕಿದರೆ ಕಾರು 103 ಕಿ.ಮೀ. ಓಡಿದರೂ ಮೀಟರ್ ತೋರಿಸುವುದು 100, ಮೈಲೇಜ್ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಗಾಳಿ, ಇಳಿಜಾರಿನ ಪ್ರಭಾವ ಸರಿದೂಗಲೆಂದು ಹೋಗುವಾಗ, ಬರುವಾಗ ಎರಡೂ ಕಡೆ ಓಡಿಸಿ ಸರಾಸರಿ ತೆಗೆದೆವು. ವ್ಯಾಸ ಒಂದೇ ಇದ್ದರೂ ಭಾರದ ಸೆಟ್ ಪ್ರತಿ ಬಾರಿಯೂ ಹಿಂದೆ ಬಿತ್ತು. ಅಂತರ ಸಣ್ಣದೇ, ಆದರೆ ಲಾರಿ ದಾಟುವಾಗ ನನಗೆ ಅದು ಬೇಕು.

ಕೊನೆಗೆ 185/65 ಆರ್15 ಆರಿಸಿಕೊಂಡೆ. ವ್ಯಾಸ 621, ಪಕ್ಕದ ಎತ್ತರ 120 ಮಿ.ಮೀ. ಇರುವುದರಿಂದ ಮಳೆಗಾಲದ ಗುಂಡಿಗಳಲ್ಲಿ ರಿಮ್ಮಿಗೂ ರಕ್ಷಣೆ. ಟೈರ್ ಅಂಗಡಿಯಲ್ಲಿದ್ದ 15 ಇಂಚಿನ ರಿಮ್ಮುಗಳನ್ನೆಲ್ಲ ತೂಗಿಸಿ, ಹಗುರವಾದದ್ದನ್ನೇ ಕೊಂಡೆ.