ಸೋತವರು ಸಂಸತ್ತಿಗೆ ಹೋಗುವುದು ಹೇಗೆ? ಮಾರಿಷಸ್‌ನ ಎಂಟು ಸ್ಥಾನಗಳ ಲೆಕ್ಕ

ಚುನಾವಣೆಯಲ್ಲಿ ಸೋತವರನ್ನು ಕರೆದು ಶಾಸನಸಭೆಯಲ್ಲಿ ಕೂರಿಸುವ ದೇಶವೊಂದಿದೆ. ಸೋತವರಲ್ಲಿ ಯಾರನ್ನು ಕರೆಯಬೇಕೆಂದು ಅಲ್ಲಿ ಯಾವ ನಾಯಕರೂ ತೀರ್ಮಾನಿಸುವುದಿಲ್ಲ, ಭಾಗಾಕಾರ ತೀರ್ಮಾನಿಸುತ್ತದೆ. ಹಿಂದೂ ಮಹಾಸಾಗರದ ಪುಟ್ಟ ದ್ವೀಪದೇಶ ಮಾರಿಷಸ್‌ನ ರಾಷ್ಟ್ರೀಯ ಅಸೆಂಬ್ಲಿಯಲ್ಲಿ ಗರಿಷ್ಠ ಎಂಟು ಸ್ಥಾನಗಳು ಹೀಗೆ ತುಂಬುತ್ತವೆ. ಜನರ ಮಾತಿನಲ್ಲಿ ಇದಕ್ಕೆ ‘ಬೆಸ್ಟ್ ಲೂಸರ್’ ಪದ್ಧತಿ ಎಂದು ಹೆಸರು. ಕಾಗದ, ಪೆನ್ನು, ಒಂದು ಕ್ಯಾಲ್ಕ್ಯುಲೇಟರ್ ಇದ್ದರೆ ಲೆಕ್ಕವನ್ನು ಮನೆಯಲ್ಲೇ ಕೂತು ಮಾಡಿ ನೋಡಬಹುದು.

ಮೊದಲು ಚುನಾಯಿತ ಸ್ಥಾನಗಳನ್ನು ತಿಳಿದುಕೊಳ್ಳಬೇಕು. ಮುಖ್ಯ ದ್ವೀಪದಲ್ಲಿ 20 ಕ್ಷೇತ್ರಗಳಿದ್ದು, ಪ್ರತಿಯೊಂದರಿಂದಲೂ ಮೂವರು ಸದಸ್ಯರು ಆಯ್ಕೆಯಾಗುತ್ತಾರೆ. ಪೂರ್ವಕ್ಕೆ 500 ಕಿಲೋಮೀಟರಿಗೂ ದೂರದಲ್ಲಿರುವ ರಾಡ್ರಿಗಸ್ ದ್ವೀಪವು 21ನೇ ಕ್ಷೇತ್ರವಾಗಿದ್ದು, ಅಲ್ಲಿಂದ ಇಬ್ಬರು ಬರುತ್ತಾರೆ. ಒಟ್ಟು 62. ಮುಖ್ಯ ದ್ವೀಪದ ಮತದಾರನು ಮತಪತ್ರದಲ್ಲಿ ಮೂರು ಹೆಸರುಗಳ ಮುಂದೆ ಗುರುತು ಹಾಕಬೇಕು. ಎರಡೇ ಹಾಕಿದರೂ ನಾಲ್ಕು ಹಾಕಿದರೂ ಆ ಮತಪತ್ರ ನಮ್ಮ ಎಣಿಕೆ ಕೇಂದ್ರಗಳ ಮಾತಿನಲ್ಲಿ ಹೇಳುವ ಹಾಗೆ ‘ಕುಲಗೆಟ್ಟ’ ಮತವಾಗುತ್ತದೆ. ಹೆಚ್ಚಿನವರು ಮೂರು ಗುರುತನ್ನೂ ಒಂದೇ ಮೈತ್ರಿಕೂಟಕ್ಕೆ ಹಾಕಿಬಿಡುವುದರಿಂದ, ಗೆದ್ದ ಕೂಟವು ತನ್ನ ಮತಪ್ರಮಾಣಕ್ಕಿಂತ ಬಹಳ ಹೆಚ್ಚು ಸ್ಥಾನಗಳನ್ನು ಬಾಚಿಕೊಳ್ಳುತ್ತದೆ. ಬೆಸ್ಟ್ ಲೂಸರ್ ಪದ್ಧತಿಯ ಅಗತ್ಯ ಅರ್ಥವಾಗಬೇಕಾದರೆ ಈ ಸಂಗತಿ ನೆನಪಿರಬೇಕು.

ಅಂದ ಹಾಗೆ, ಅಲ್ಲಿ ಮತ ಹಾಕಲು ಮಾರಿಷಸ್ ಪ್ರಜೆಯೇ ಆಗಿರಬೇಕೆಂದಿಲ್ಲ. 18 ವರ್ಷ ತುಂಬಿದ, ಎರಡು ವರ್ಷಗಳಿಂದ ಅಲ್ಲೇ ವಾಸವಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೂ ಮತದಾರರಾಗುವ ಅರ್ಹತೆಯನ್ನು ಅಲ್ಲಿನ ಸಂವಿಧಾನ ಕೊಟ್ಟಿದೆ. ಉದ್ಯೋಗಕ್ಕೆಂದು ಹೋಗಿ ಅಲ್ಲಿ ನೆಲೆಸಿರುವ ಕನ್ನಡಿಗರೂ ಇದರಲ್ಲಿ ಸೇರುತ್ತಾರೆ.

ಲೆಕ್ಕದ ಮೊದಲ ಸಾಮಗ್ರಿ ಸಿದ್ಧವಾಗುವುದು ಮತದಾನದ ದಿನವಲ್ಲ, ನಾಮಪತ್ರ ಸಲ್ಲಿಸುವ ದಿನ. ಅಭ್ಯರ್ಥಿಯು ತಾನು ಯಾವ ಸಮುದಾಯಕ್ಕೆ ಸೇರಿದವನೆಂದು ಅಂದೇ ಘೋಷಿಸಬೇಕೆಂಬುದು ನಿಯಮ. ಸಂವಿಧಾನದ ಮೊದಲ ಅನುಸೂಚಿಯು ಹಿಂದೂ, ಮುಸ್ಲಿಂ, ಸಿನೋ-ಮಾರಿಷಿಯನ್ (ಚೀನೀ ಮೂಲದವರು) ಎಂಬ ಮೂರು ಸಮುದಾಯಗಳನ್ನು ಹೆಸರಿಸಿ, ತಮ್ಮ ಜೀವನಕ್ರಮದಿಂದ ಈ ಮೂರರಲ್ಲಿ ಯಾವುದಕ್ಕೂ ಸೇರಿದವರೆಂದು ಕಾಣದವರನ್ನೆಲ್ಲ ‘ಜನರಲ್ ಪಾಪ್ಯುಲೇಷನ್’ ಎಂಬ ನಾಲ್ಕನೆಯ ಗುಂಪಿಗೆ ಸೇರಿಸುತ್ತದೆ. ಹಾಗಾಗಿ ಆಫ್ರಿಕಾ ಮತ್ತು ಮಡಗಾಸ್ಕರ್‌ನಿಂದ ತಂದ ಗುಲಾಮರ ವಂಶಸ್ಥರೂ, ಅವರನ್ನು ದುಡಿಸಿಕೊಂಡ ಫ್ರೆಂಚ್ ಮೂಲದ ಮನೆತನಗಳ ವಂಶಸ್ಥರೂ ಕಾಗದದ ಮೇಲೆ ಒಂದೇ ಸಮುದಾಯ. ತಮಿಳರು, ತೆಲುಗರು, ಮರಾಠಿಗರು ತಮ್ಮದೇ ಗುರುತನ್ನು ಉಳಿಸಿಕೊಂಡಿದ್ದರೂ ಈ ಲೆಕ್ಕಕ್ಕೆ ಅವರೆಲ್ಲ ಹಿಂದೂಗಳ ಪಟ್ಟಿಯಲ್ಲೇ ಬರುತ್ತಾರೆ.

ಇನ್ನೊಂದು ಸಾಮಗ್ರಿ ಸಮುದಾಯಗಳ ಜನಸಂಖ್ಯೆ. 1972ರ ಜನಗಣತಿಯ ಪ್ರಕಾರ ಹಿಂದೂಗಳು 4,28,167, ಜನರಲ್ ಪಾಪ್ಯುಲೇಷನ್ 2,36,867, ಮುಸ್ಲಿಮರು 1,37,081, ಸಿನೋ-ಮಾರಿಷಿಯನ್ನರು 24,084. ಅರ್ಧ ಶತಮಾನಕ್ಕೂ ಹಳೆಯ ಅಂಕಿಗಳೇಕೆ ಎಂಬ ಪ್ರಶ್ನೆಗೆ ಆಮೇಲೆ ಬರೋಣ.

ಈಗ ಲೆಕ್ಕ. ಪ್ರತಿ ಸಮುದಾಯದ ಜನಸಂಖ್ಯೆಯನ್ನು ಆ ಸಮುದಾಯಕ್ಕೆ ಈಗಾಗಲೇ ಸಿಕ್ಕಿರುವ ಸ್ಥಾನಗಳಿಗೆ ಒಂದನ್ನು ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸಬೇಕು. ಯಾರ ಭಾಗಲಬ್ಧ ಎಲ್ಲಕ್ಕಿಂತ ದೊಡ್ಡದೋ ಆ ಸಮುದಾಯಕ್ಕೆ ಪ್ರಾತಿನಿಧ್ಯ ಅತಿ ಕಡಿಮೆ ಸಿಕ್ಕಿದೆ ಎಂದರ್ಥ, ಮುಂದಿನ ಸ್ಥಾನ ಅವರದು. ಒಂದು ಕಾಲ್ಪನಿಕ ಫಲಿತಾಂಶವನ್ನು ಇಟ್ಟುಕೊಳ್ಳೋಣ: 62 ವಿಜೇತರಲ್ಲಿ ಹಿಂದೂಗಳು 38, ಜನರಲ್ ಪಾಪ್ಯುಲೇಷನ್ 15, ಮುಸ್ಲಿಮರು 8, ಸಿನೋ-ಮಾರಿಷಿಯನ್ ಒಬ್ಬರು. ಹಿಂದೂಗಳ ಸಂಖ್ಯೆಯನ್ನು 39ರಿಂದ ಭಾಗಿಸಿದರೆ 10,979 ಬರುತ್ತದೆ. ಜನರಲ್ ಪಾಪ್ಯುಲೇಷನ್ನಿನದನ್ನು 16ರಿಂದ ಭಾಗಿಸಿದರೆ 14,804, ಮುಸ್ಲಿಮರದನ್ನು 9ರಿಂದ ಭಾಗಿಸಿದರೆ 15,231, ಸಿನೋ-ಮಾರಿಷಿಯನ್ನರದನ್ನು 2ರಿಂದ ಭಾಗಿಸಿದರೆ 12,042. ಮೊದಲ ಸ್ಥಾನ ಮುಸ್ಲಿಂ ಸಮುದಾಯಕ್ಕೆ ಹೋಯಿತು.

ಅದು ಹೋದ ತಕ್ಷಣ ಮುಸ್ಲಿಮರ ಭಾಜಕ 10 ಆಗಿ ಅವರ ಭಾಗಲಬ್ಧ 13,708ಕ್ಕೆ ಇಳಿಯುತ್ತದೆ, ಆದ್ದರಿಂದ ಎರಡನೆಯ ಸ್ಥಾನ 14,804 ಇರುವ ಜನರಲ್ ಪಾಪ್ಯುಲೇಷನ್ನಿಗೆ. ಅವರ ಹೊಸ ಭಾಗಲಬ್ಧ 13,933 ಇನ್ನೂ ಮುಸ್ಲಿಮರದಕ್ಕಿಂತ ಮೇಲಿರುವುದರಿಂದ ಮೂರನೆಯದೂ ಅವರಿಗೇ. ನಾಲ್ಕನೆಯದು 13,708ರ ಬಲದ ಮೇಲೆ ಮತ್ತೆ ಮುಸ್ಲಿಮರಿಗೆ. ಐದನೆಯದು 13,159 ಇರುವ ಜನರಲ್ ಪಾಪ್ಯುಲೇಷನ್ನಿಗೆ. ಆರನೆಯ ಸ್ಥಾನಕ್ಕೆ ಬಂದಾಗ ಜನರಲ್ ಪಾಪ್ಯುಲೇಷನ್ 12,467ರಲ್ಲೂ ಮುಸ್ಲಿಮರು 12,462ರಲ್ಲೂ ನಿಂತಿರುತ್ತಾರೆ. ಐದು ಅಂಕಿಗಳ ಅಂತರದಲ್ಲಿ ಸ್ಥಾನ ಒಬ್ಬರ ಕೈತಪ್ಪಿ ಇನ್ನೊಬ್ಬರಿಗೆ ಹೋಗುತ್ತದೆ.

ಸಮುದಾಯ ಗೊತ್ತಾಯಿತು, ವ್ಯಕ್ತಿ ಯಾರು? ಪಕ್ಷವೊಂದರಿಂದ ನಿಂತು ಸೋತ ಆ ಸಮುದಾಯದ ಅಭ್ಯರ್ಥಿಗಳಲ್ಲಿ, ತನ್ನ ಕ್ಷೇತ್ರದಲ್ಲಿ ಶೇಕಡಾವಾರು ಅತಿ ಹೆಚ್ಚು ಮತ ಪಡೆದವರನ್ನು ಆರಿಸಲಾಗುತ್ತದೆ. ಒಟ್ಟು ಮತಗಳನ್ನು ಹೋಲಿಸಿದರೆ ಸಣ್ಣ ಕ್ಷೇತ್ರದವರಿಗೆ ಅನ್ಯಾಯವಾದೀತೆಂದು ಶೇಕಡಾವಾರು ಲೆಕ್ಕವನ್ನು ಹಿಡಿಯಲಾಗಿದೆ. ಪಕ್ಷೇತರರಿಗೆ ಇಲ್ಲಿ ಅವಕಾಶವಿಲ್ಲ.

ಮೊದಲ ನಾಲ್ಕು ಸ್ಥಾನಗಳನ್ನು ಪಕ್ಷ ಯಾವುದೆಂದು ನೋಡದೆ ಕೊಡಲಾಗುತ್ತದೆ. ಆದರೆ ಹಾಗೆ ಕೊಟ್ಟಾಗ ವಿರೋಧ ಪಕ್ಷಗಳ ಬಲ ಹೆಚ್ಚಿ, ಮತದಾರರು ಕೊಟ್ಟ ಬಹುಮತವೇ ಅಲುಗಾಡಬಹುದಲ್ಲವೇ? ಅದನ್ನು ಸರಿದೂಗಿಸಲೆಂದೇ ಉಳಿದ ನಾಲ್ಕು. ಮೊದಲ ಸುತ್ತಿನಲ್ಲಿ ಇತರ ಪಕ್ಷಗಳಿಗೆ ಎಷ್ಟು ಸ್ಥಾನ ಹೋಯಿತೋ, ಸಾಧ್ಯವಾದಷ್ಟು ಮಟ್ಟಿಗೆ ಅಷ್ಟನ್ನು ಎರಡನೆಯ ಸುತ್ತಿನಲ್ಲಿ ಅತಿ ಹೆಚ್ಚು ಸ್ಥಾನ ಗೆದ್ದ ಪಕ್ಷದ ಸೋತ ಅಭ್ಯರ್ಥಿಗಳಿಗೆ ಕೊಡಲಾಗುತ್ತದೆ. 2019ರಲ್ಲಿ 38 ಸ್ಥಾನ ಗೆದ್ದಿದ್ದ ಆಡಳಿತ ಕೂಟಕ್ಕೆ ಎಂಟರಲ್ಲಿ ನಾಲ್ಕು ದೊರೆತು ಅದರ ಬಲ 42ಕ್ಕೇರಿತು, ಸಭೆಯ ಒಟ್ಟು ಬಲ 70 ಆಯಿತು.

‘ಸಾಧ್ಯವಾದಷ್ಟು’ ಎಂಬ ಮಾತಿನ ಹಿಂದೆ ಒಂದು ತಮಾಷೆಯೂ ಇದೆ. 1982ರಲ್ಲಿ ಅನಿರುದ್ಧ ಜಗನ್ನಾಥರ ನೇತೃತ್ವದ ಮೈತ್ರಿಕೂಟವು ಮುಖ್ಯ ದ್ವೀಪದ ಅರವತ್ತಕ್ಕೆ ಅರವತ್ತನ್ನೂ ಗೆದ್ದಿತು. 1995ರಲ್ಲಿ ನವೀನ್ ರಾಮಗೂಲಂ ಕೂಟ, 2024ರ ನವೆಂಬರ್ 10ರ ಚುನಾವಣೆಯಲ್ಲಿ ಮತ್ತೆ ಅವರದೇ ಕೂಟ ಅದೇ ಸಾಧನೆ ಮಾಡಿತು. ಎಲ್ಲರೂ ಗೆದ್ದ ಮೇಲೆ ಆ ಕೂಟದಲ್ಲಿ ಸೋತವರೇ ಇಲ್ಲ, ಇಲ್ಲದವರಿಗೆ ಸ್ಥಾನ ಕೊಡುವುದು ಹೇಗೆ? ಅಂಥ ಸಂದರ್ಭಗಳಲ್ಲಿ ನಾಲ್ಕೇ ಸ್ಥಾನಗಳು ತುಂಬಿ ಸಭೆ 66ಕ್ಕೆ ನಿಂತಿದೆ. ಆಗ ಮುಖ್ಯ ದ್ವೀಪದ ವಿರೋಧ ಪಕ್ಷಗಳಿಗೆ ಸದನದೊಳಗೆ ಬರಲು ಉಳಿದ ಬಾಗಿಲು ಇದೊಂದೇ. ಸಮುದಾಯಗಳಿಗಾಗಿ ಮಾಡಿದ ಏರ್ಪಾಡು ವಿರೋಧ ಪಕ್ಷವನ್ನು ಉಳಿಸುವ ಕೆಲಸಕ್ಕೆ ಬಂದದ್ದು, ನನ್ನ ಮಟ್ಟಿಗೆ, ಈ ಪದ್ಧತಿಯ ಅತ್ಯಂತ ಕುತೂಹಲದ ಮಗ್ಗುಲು.

ಏರ್ಪಾಡು ಹುಟ್ಟಿದ್ದು ಸ್ವಾತಂತ್ರ್ಯದ ಹೊಸ್ತಿಲಲ್ಲಿ. ಬಹುಸಂಖ್ಯಾತ ಹಿಂದೂಗಳ ಆಳ್ವಿಕೆಯಲ್ಲಿ ತಮ್ಮ ದನಿ ಅಡಗಿಹೋದೀತೆಂಬ ಭಯ ಉಳಿದ ಸಮುದಾಯಗಳಿಗಿತ್ತು. 1966ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಬ್ಯಾನ್ವೆಲ್ ಆಯೋಗದ ಶಿಫಾರಸುಗಳಿಗೆ ವಿರೋಧ ಎದ್ದಾಗ, ಮಂತ್ರಿ ಜಾನ್ ಸ್ಟೋನ್‌ಹೌಸ್ ರಾಜಧಾನಿ ಪೋರ್ಟ್ ಲೂಯಿಸ್‌ಗೆ ಬಂದು ಪಕ್ಷಗಳನ್ನು ಈಗಿನ ಎಂಟು ಸ್ಥಾನಗಳ ಸೂತ್ರಕ್ಕೆ ಒಪ್ಪಿಸಿದರು. 1967ರ ಆಗಸ್ಟ್ 7ರ ಚುನಾವಣೆಯಲ್ಲಿ ಅದು ಮೊದಲ ಬಾರಿಗೆ ಜಾರಿಗೆ ಬಂತು, 1968ರ ಮಾರ್ಚ್ 12ರಂದು ದೇಶ ಸ್ವತಂತ್ರವಾಯಿತು. ಸಂಖ್ಯೆಯಲ್ಲಿ ಸಣ್ಣದಾದ ಸಮುದಾಯಕ್ಕೆ ಸದನದಲ್ಲಿ ಜಾಗ ಕೊಡುವ ಯೋಚನೆ ನಮಗೂ ಹೊಸದಲ್ಲ. ಕರ್ನಾಟಕ ವಿಧಾನಸಭೆಯಲ್ಲಿ 224 ಚುನಾಯಿತರ ಜೊತೆಗೆ ಒಬ್ಬ ಆಂಗ್ಲೋ-ಇಂಡಿಯನ್ ಸದಸ್ಯರು ನಾಮನಿರ್ದೇಶನಗೊಳ್ಳುತ್ತಿದ್ದರು, 2020ರ ಜನವರಿಯಲ್ಲಿ ಆ ಏರ್ಪಾಡು ಕೊನೆಗೊಂಡಿತು. ನಮ್ಮಲ್ಲಿ ಸರ್ಕಾರದ ಆಯ್ಕೆ ನಡೆಯುತ್ತಿತ್ತು, ಅಲ್ಲಿ ಮತಪೆಟ್ಟಿಗೆಯ ಅಂಕಿಗಳೇ ಆರಿಸುತ್ತವೆ.

ಇನ್ನು 1972ರ ಪ್ರಶ್ನೆ. ಆ ವರ್ಷದ ನಂತರದ ಜನಗಣತಿಗಳಲ್ಲಿ ಸಮುದಾಯವನ್ನು ಕೇಳುವುದನ್ನೇ ಕೈಬಿಡಲಾಯಿತು. ಜನರನ್ನು ಸಮುದಾಯವಾಗಿ ಎಣಿಸುವುದು ಬೇಡವೆಂದ ದೇಶ, ಸಮುದಾಯವಾಗಿ ಸ್ಥಾನ ಹಂಚುವುದನ್ನು ಮಾತ್ರ ಉಳಿಸಿಕೊಂಡಿತು. ತಮ್ಮ ಸಮುದಾಯ ಯಾವುದೆಂದು ಹೇಳಲೊಪ್ಪದೆ ನಾಮಪತ್ರ ತಿರಸ್ಕೃತವಾದ ‘ರೆಜಿಸ್ಟಾನ್ಸ್ ಎಕ್ ಆಲ್ಟರ್ನೇಟಿವ್’ ಪಕ್ಷದವರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯವರೆಗೆ ದೂರು ಒಯ್ದರು. ಇಷ್ಟು ಹಳೆಯ ಅಂಕಿಗಳನ್ನಿಟ್ಟುಕೊಂಡು ಕಡ್ಡಾಯ ಘೋಷಣೆ ಕೇಳುವುದು ಚುನಾವಣೆಗೆ ನಿಲ್ಲುವ ಹಕ್ಕಿನ ಉಲ್ಲಂಘನೆಯೆಂದು ಸಮಿತಿ 2012ರಲ್ಲಿ ಹೇಳಿತು. 2014ರ ಡಿಸೆಂಬರ್ ಚುನಾವಣೆಗೆ ಸೀಮಿತವಾಗಿ ಸಂವಿಧಾನವನ್ನು ತಿದ್ದಿ, ಘೋಷಿಸದವರೂ ಸ್ಪರ್ಧಿಸಬಹುದು, ಆದರೆ ಬೆಸ್ಟ್ ಲೂಸರ್ ಸ್ಥಾನ ಅವರಿಗಿಲ್ಲ ಎಂದು ಮಾಡಲಾಯಿತು.

ಮತ ಎಣಿಕೆ ಮುಗಿದು 62 ಹೆಸರು ಖಚಿತವಾದ ಮೇಲೆ ಈ ಹಂಚಿಕೆಯನ್ನು ಮಾಡುವುದು ಚುನಾವಣಾ ಮೇಲ್ವಿಚಾರಣಾ ಆಯೋಗ. ಬೆಸ್ಟ್ ಲೂಸರ್ ಸ್ಥಾನವೊಂದು ಅವಧಿಯ ನಡುವೆ ತೆರವಾದರೆ ಉಪಚುನಾವಣೆ ನಡೆಯುವುದಿಲ್ಲ. ಆಯೋಗವು ಹಳೆಯ ಪಟ್ಟಿಯನ್ನೇ ತೆರೆದು, ಅದೇ ಪಕ್ಷದ ಸೋತವರಲ್ಲಿ ಲೆಕ್ಕಕ್ಕೆ ಹೊಂದುವ ಸಮುದಾಯದ ಮುಂದಿನ ಹೆಸರನ್ನು ಹುಡುಕುತ್ತದೆ.