ಊರು ಕಲ್ಪನೆಯದು, ಮಳೆ ಮಾತ್ರ ನಿಜದ್ದು

ಕಥೆಗೆ ಬೇಕಾದ ಊರನ್ನು ಹುಟ್ಟಿಸಲು ನನಗೆ ಅಳುಕಿಲ್ಲ. ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯ ಪಕ್ಕದಲ್ಲಿ ಇಲ್ಲದ ಹಳ್ಳವೊಂದನ್ನು ಹರಿಸಿದ್ದೇನೆ, ಅದರ ದಂಡೆಯಲ್ಲಿ ಇಲ್ಲದ ಕಾಫಿ ತೋಟವೊಂದನ್ನು ಮಾಡಿದ್ದೇನೆ. ಆದರೆ ಆ ತೋಟದಲ್ಲಿ ಅರೇಬಿಕಾ ಹಣ್ಣನ್ನು ಏಪ್ರಿಲ್‌ನಲ್ಲಿ ಕೊಯ್ಯಿಸುವುದಿಲ್ಲ. ಅದು ನವೆಂಬರ್‌ನಿಂದ ಜನವರಿಯವರೆಗಿನ ಕೆಲಸ. ಕಾಫಿಯ ಇನ್ನೊಂದು ಜಾತಿಯಾದ ರೋಬಸ್ಟಾದ ಕೊಯ್ಲು ಅದರ ಹಿಂದೆ ಬರುತ್ತದೆ. ಚಿಕ್ಕಮಗಳೂರಿನ ಓದುಗರು ನನ್ನ ಹಳ್ಳವನ್ನು ನಂಬುತ್ತಾರೆ, ಏಪ್ರಿಲ್ ಕೊಯ್ಲನ್ನು ನಂಬುವುದಿಲ್ಲ.

ಕಾಫಿ ಗಿಡವನ್ನೇ ನೋಡದ ವಿಜಯಪುರದ ಓದುಗರಿಗೆ ಇಷ್ಟು ನಿಖರತೆ ಏಕೆ ಎಂದು ಗೆಳೆಯರು ಕೇಳುತ್ತಾರೆ. ನನ್ನ ಮಟ್ಟಿಗೆ ಅವರಿಗೇ ಅದು ಹೆಚ್ಚು ಬೇಕು, ಏಕೆಂದರೆ ಕಥೆಯ ಬಿಗಿ ಹುಟ್ಟುವುದು ಅಲ್ಲಿಂದಲೇ.

ಸಾಲದಲ್ಲಿರುವ ಸಣ್ಣ ಬೆಳೆಗಾರನೊಬ್ಬನ ಕಥೆ ಬರೆಯುತ್ತಿದ್ದೆ. ಮೊದಲ ಕರಡಿನಲ್ಲಿ ಕಾಫಿ ಹೂವಿನ ಕಂಪಿಗೇ ಒಂದು ಪುಟ ಹೋಗಿತ್ತು. ಆಮೇಲೆ ಪರಿಚಯದ ಬೆಳೆಗಾರರ ಬಳಿ ಕುಳಿತಾಗ ನಾನು ಹೂ ಹೇಗಿರುತ್ತದೆ ಎಂದು ಕೇಳಲಿಲ್ಲ. ಈ ತಿಂಗಳಲ್ಲಿ ನಿಮ್ಮ ನಿದ್ದೆ ಕೆಡಿಸುವುದು ಯಾವುದು ಎಂದು ಕೇಳಿದೆ. ಅವರು ಆಕಾಶ ತೋರಿಸಿದರು. ರೋಬಸ್ಟಾ ಮೊಗ್ಗು ಬೇಸಿಗೆಯ ಮೊದಲ ಮಳೆಗೆ ಕಾದಿರುತ್ತದೆ. ಹದವಾದ ಮಳೆ ಬಿದ್ದು ಸುಮಾರು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಅರೇಬಿಕಾ ಬಹುಪಾಲು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ; ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು, ಅದನ್ನು ಗಾಳಿ ತರಬೇಕು, ಜೇನು ತರಬೇಕು. ಹೂ ಅರಳಿದ ದಿನವೇ ಮಳೆ ಸುರಿದರೆ ಪರಾಗ ತೊಳೆದುಹೋಗಿ ಕಾಯಿ ಕಚ್ಚುವುದಿಲ್ಲ. ಮುಂದಿನ ವರ್ಷದ ಫಸಲು ಅಲ್ಲಿಗೆ ಹೋಯಿತು.

ನನಗೆ ಬೇಕಾದದ್ದೆಲ್ಲ ಇದರಲ್ಲಿತ್ತು. ಮಳೆ ಬರಲೆಂದು ಹರಕೆ ಹೊತ್ತವನೇ ಕೆಲವೇ ದಿನಗಳಲ್ಲಿ ಮಳೆ ಬಾರದಿರಲೆಂದು ಬೇಡಿಕೊಳ್ಳುತ್ತಾನೆ. ಕಂಪಿನ ಪುಟವನ್ನು ಪೂರ್ತಿ ತೆಗೆದೆ. ನೆಂಟರು ಹೂವಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿರುವಾಗ ಅವನ ಕಣ್ಣು ಪಶ್ಚಿಮದ ಮೋಡದ ಮೇಲಿರುತ್ತದೆ, ಅಷ್ಟೇ ಉಳಿಸಿಕೊಂಡೆ. ಪರಾಗದ ವಿವರಣೆ ಕಥೆಯಲ್ಲಿ ಎರಡೇ ವಾಕ್ಯ, ಅದೂ ಹೆಂಡತಿಯ ಬಾಯಲ್ಲಿ, ನೆಂಟರಿಗೆ ಕಾಫಿ ಕೊಡುತ್ತಾ. ಬಯಲುಸೀಮೆಯ ಓದುಗರೊಬ್ಬರು, ಮೋಡ ಬಂದಾಗ ನನಗೂ ಭಯವಾಯಿತು ಎಂದರು.

ಸಂಗ್ರಹಿಸಿದ್ದನ್ನೆಲ್ಲ ತುಂಬುವ ಆಸೆ ಬರುತ್ತದೆ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಕಾಫಿ ಒಣಗಿಸುವ ಕಣ, ಗಿಡವನ್ನು ಒಳಗಿಂದ ಕೊರೆಯುವ ಬಿಳಿ ಕಾಂಡಕೊರಕ ಹುಳು, ಆಲೂರು ಸಕಲೇಶಪುರದ ಆನೆಗಳು, ಎಲ್ಲವೂ ನಿಜವೇ. ಆದರೆ ಪಾತ್ರದ ಬದುಕಿಗೆ ತಟ್ಟದ ನಿಜವನ್ನು ನಾನು ಹೊರಗಿಡುತ್ತೇನೆ.

ನಡೆದದ್ದು ಎಂಬ ಕಾರಣಕ್ಕೆ ಓದುಗರು ಯಾವುದನ್ನೂ ಒಪ್ಪಬೇಕಿಲ್ಲ. ಊರು ಬಿಟ್ಟು ಹೋಗಿದ್ದ ತಮ್ಮ, ಅಣ್ಣ ತೋಟ ಮಾರಲು ಹೊರಟ ಬೆಳಿಗ್ಗೆಯೇ ಬಂದಿಳಿದ ಸಂಗತಿಯನ್ನು ಹಿರಿಯರೊಬ್ಬರು ಹೇಳಿದ್ದರು. ಕಣ್ಣಾರೆ ಕಂಡದ್ದು. ಅದನ್ನು ಕಥೆಯ ಕೊನೆಯಲ್ಲಿಟ್ಟರೆ ಲೇಖಕ ತನ್ನ ಅನುಕೂಲಕ್ಕೆ ಕರೆಸಿಕೊಂಡಂತೆ ಕಾಣುತ್ತದೆ. ಹಾಗಾಗಿ ತಮ್ಮನನ್ನು ಮೊದಲ ಪುಟದಲ್ಲೇ ಬಸ್ಸಿನಿಂದ ಇಳಿಸಿದೆ. ಅವನು ಬಂದದ್ದರಿಂದ ತೊಡಕು ಶುರುವಾಯಿತು, ಪಾಲು ಕೇಳಿದ, ಮಾರಾಟ ನಿಂತಿತು. ಕಷ್ಟ ತರುವ ಕಾಕತಾಳೀಯವನ್ನು ಯಾರೂ ಪ್ರಶ್ನಿಸಲಿಲ್ಲ.